ತಿಕೀಟು ತೆಗೆಸಿ ದೆವ್ವ ನೋಡಿದ ಕಾಕೂ

ನಮ್ಮ ಮನೆಗೂ ಕಾಕೂನ ಮನೆಗೂ ನಡುವೆ ಎದೆಮಟ್ಟದ ಒಂದು ಕಂಪೌಂಡ್ ಗೋಡೆ. ಗೋಕಾಕದ ಅರ್ಧ ಸುದ್ದಿ ಈ ಗೋಡೆ ದಾಟಿಯೇ ನಮ್ಮ ಮನೆಗೆ ಬರುತ್ತದೆ, ಕರಿಬೇವಿನ ಜೊತೆ. ಮೊನ್ನೆ ಹಲ್ಲುಜ್ಜುತ್ತ ನಿಂತಿದ್ದೆ. ಕಾಕೂ ಗೋಡೆಗೆ ಮೊಣಕೈ ಊರಿ ಕೇಳಿದಳು:

“ಮಾಸ್ತರ, ನೀವು ಎಂದರೆ ತಿಕೀಟ ತಗಸಿ ದೆವ್ವ ನೋಡೀರೇನ್ರಿ?”

ಬುರುಗು ಉಗುಳಿ ಹೇಳಿದೆ, “ಇಲ್ರಿ ಕಾಕೂ. ನಮ್ಮ ಕಡೆ ಅವು ಪುಕ್ಕಟೆ ಸಿಗತಾವಲ್ಲ.”

ಸುಳ್ಳಲ್ಲ. ನಾವು ಹುಡುಗರಿದ್ದಾಗ ಫಾಲ್ಸಿನ ತೂಗುಸೇತುವೆಗೆ ಒಂದು ದೆವ್ವ, ಹುಕ್ಕೇರಿಯ ಆದಿಲಶಾಹಿ ಗುಮ್ಮಟಗಳಿಗೆ ಒಂದೊಂದು. ಮೂಡಲಗಿ ಕಡೆ ರಾತ್ರಿಯಿಡೀ ಶ್ರೀಕೃಷ್ಣ ಪಾರಿಜಾತ ನೋಡಿ ಬೆಳಗಿನ ಜಾವ ಹೊಲದ ದಾರಿ ಹಿಡಿದರೆ ಹುಣಸೆಮರಕ್ಕೊಂದು. ಘಟಪ್ರಭೆಯ ನೀರಿನಿಂದ 1887ರಲ್ಲೇ ಕರೆಂಟು ತೆಗೆದ ಊರು ನಮ್ಮದು. ಬೆಳಕು ಬಂತು, ದೆವ್ವ ಮಾತ್ರ ಕದಲಲಿಲ್ಲ.

ಕಾಕೂ ಮೂಡಲಗಿ ಕಡೆಯ ಹೆಣ್ಣುಮಗಳು. 2012ರಲ್ಲಿ ಮಗಳ ಬಾಣಂತನಕ್ಕೆಂದು ಅಮೆರಿಕಕ್ಕೆ ಹೋದವಳನ್ನು ಅಳಿಯ ಒಂದು ರವಿವಾರ ಪೆನ್ಸಿಲ್ವೇನಿಯಾದ ಗೆಟಿಸ್‌ಬರ್ಗಿಗೆ ಕರೆದೊಯ್ದನಂತೆ. 1863ರ ಜುಲೈ 1ರಿಂದ 3ರವರೆಗೆ ಅಲ್ಲಿ ಅವರ ಅಂತರ್ಯುದ್ಧದ ದೊಡ್ಡ ಕಾಳಗ ನಡೆಯಿತು. ಗುಡ್ಡದ ಮೇಲಿನ ಸ್ಮಶಾನದ ಪಕ್ಕ ಇಟ್ಟಿಗೆಯ ಹಳೇ ಮನೆ; ಹೊರಗೆ ಯುದ್ಧದ ಮ್ಯೂಸಿಯಂ ಎಂಬ ಬೋರ್ಡು. ಒಳಗೆ ಗೊಂಬೆ ಸಿಪಾಯಿಗಳು, ಗೊಂಬೆ ಕುದುರೆಗಳು. ಅಳಿಯ ಮೆಲ್ಲಗೆ ಹೇಳಿದನಂತೆ: “ಅತ್ತಿ, ಇದು ಮೊದಲು ಅನಾಥಾಲಯ ಇತ್ತು. ಕೆಳಗ ದೆವ್ವ ಅದಾವಂತ.”

“ಇಳಿದಿರೇನು?”

“ಇಳದೆ. ನಮ್ಮ ಹಗೇವು ಇದ್ದಂಗ ಇತ್ರಿ. ಕತ್ತಲ, ಥಂಡಿ, ಮಣ್ಣಿನ ವಾಸನಿ. ಅಳಿಯಾಗ ಹೇಳಿದೆ, ಇದಕ್ಕ ಯಾಕ ರೊಕ್ಕಾ ಕೊಟ್ಟಿ, ನಮ್ಮ ತವರಮನ್ಯಾಗ ಎರಡ ಇದ್ದೂವು ಅಂತ.”

ಹಗೇವು ಎಂದರೆ ಈಗಿನ ಹುಡುಗರಿಗೆ ತಿಳಿಯಲಿಕ್ಕಿಲ್ಲ. ಅಂಗಳದಲ್ಲೋ ಹಟ್ಟಿಯಲ್ಲೋ ಆಳವಾಗಿ ತೋಡಿ, ಒಳಗೆ ಹುಲ್ಲು ಹಾಸಿ, ಜೋಳ ತುಂಬಿ, ಬಾಯಿಗೆ ಕಲ್ಲು ಮುಚ್ಚಿ ಮೆತ್ತಿಬಿಡುವ ಕಣಜ. ಬರಕ್ಕೆ ಕೂಡಿಟ್ಟ ಗಂಟು ಅದು. ಒಳಗಿನ ಕಾಳು ಉಸಿರಾಡುತ್ತ ಗಾಳಿಯನ್ನೆಲ್ಲ ಕೆಡಿಸಿರುತ್ತದೆ. ಬಾಯಿ ತೆರೆದ ಕೂಡಲೇ ಇಳಿದವನು ಅಲ್ಲೇ ಎಚ್ಚರ ತಪ್ಪಿ ಬೀಳುತ್ತಾನೆ. ಅದಕ್ಕೇ ಹಿರಿಯರು ಬಾಯಿ ತೆರೆದಿಟ್ಟು ಕಾದು, ಹಗ್ಗಕ್ಕೆ ಕಂದೀಲು ಕಟ್ಟಿ ಇಳಿಬಿಡುತ್ತಿದ್ದರು. ಕಂದೀಲು ಆರಿದರೆ ಯಾರೂ ಇಳಿಯುವಂತಿಲ್ಲ. ಮಕ್ಕಳಿಗೆ ಇಷ್ಟೆಲ್ಲ ಬಿಡಿಸಿ ಹೇಳುವುದು ಯಾರು? “ಒಳಗ ದೆವ್ವ ಐತಿ” ಎಂದರೆ ಮುಗಿಯಿತು. ನನ್ನ ಮಟ್ಟಿಗೆ ಈ ಸೀಮೆಯಲ್ಲಿ ಇದಕ್ಕಿಂತ ಉಪಯೋಗದ ದೆವ್ವ ಇನ್ನೊಂದಿರಲಿಲ್ಲ.

ಕಾಕೂನ ಮಾತು ಕೇಳಿದ ಮೇಲೆ ನಾನೂ ಕುಳಿತು ಓದಿದೆ. ಆ ಅನಾಥಾಲಯ ಹುಟ್ಟಿದ್ದು ಒಂದು ಫೋಟೋದಿಂದ. ಕಾಳಗದಲ್ಲಿ ಸತ್ತ ಒಬ್ಬ ಸಿಪಾಯಿಯ ಗುರುತು ಯಾರಿಗೂ ಸಿಗಲಿಲ್ಲ. ಕೈಯಲ್ಲಿ ಮಾತ್ರ ಗಾಜಿನ ಮೇಲೆ ಮೂಡಿಸಿದ ಮೂರು ಮಕ್ಕಳ ಚಿತ್ರವಿತ್ತು. ಪತ್ರಿಕೆಗಳಲ್ಲಿ ಫೋಟೋ ಅಚ್ಚುಹಾಕುವ ಕಾಲವಲ್ಲ. ಹಾಗಾಗಿ ಫಿಲಡೆಲ್ಫಿಯಾದ ಪತ್ರಿಕೆ ಆ ಚಿತ್ರವನ್ನು ಮಾತಿನಲ್ಲೇ ಬರೆಯಿತು: ಇಬ್ಬರು ಗಂಡು, ಒಬ್ಬಳು ಹೆಣ್ಣು, ನಡುವೆ ಕೂತವನು ಎಲ್ಲರಲ್ಲಿ ಸಣ್ಣವನು, ದೊಡ್ಡ ಹುಡುಗನ ಅಂಗಿ, ಹುಡುಗಿಯ ಫ್ರಾಕು ಎರಡೂ ಒಂದೇ ಬಟ್ಟೆಯವು. ಅದನ್ನು ಓದಿಯೇ ನ್ಯೂಯಾರ್ಕ್ ರಾಜ್ಯದ ಹಳ್ಳಿಯೊಂದರಲ್ಲಿ ಫಿಲಿಂಡಾ ಹ್ಯೂಮಿಸ್ಟನ್ ಎಂಬ ಹೆಂಗಸಿಗೆ ತಾನು ವಿಧವೆ ಎಂದು ತಿಳಿದದ್ದು. ಗಂಡನ ಹೆಸರು ಏಮಸ್. ಮಕ್ಕಳು ಫ್ರ್ಯಾಂಕ್, ಆಲಿಸ್, ಫ್ರೆಡ್.

ಇದನ್ನು ಗೋಡೆಯ ಮೇಲಿಂದ ಹೇಳಿದಾಗ ಕಾಕೂ ಕರಿಬೇವು ಕೀಳುವುದನ್ನು ನಿಲ್ಲಿಸಿಬಿಟ್ಟಳು.

“ಒಂದ ಥಾನಿನ ಅರಿವಿ!”

ನಾಗರಪಂಚಮಿಗೆ ಪೇಟೆಯಿಂದ ಒಂದೇ ಥಾನು ತಂದು ಅಣ್ಣನಿಗೆ ಅಂಗಿ, ತಂಗಿಗೆ ಲಂಗ, ಉಳಿದ ತುಂಡಿನಲ್ಲಿ ಸಣ್ಣವನಿಗೊಂದು ಕುಲಾವಿ ಹೊಲಿಸಿದ ಮನೆಯವಳು ಅವಳು. ಆ ಒಂದು ಮಾತಿಗೇ ಅಮೆರಿಕದ ಆ ಮನೆ ಅವಳಿಗೆ ಹತ್ತಿರವಾಯಿತು.

ಆ ಮಕ್ಕಳ ಚಿತ್ರದ ಪ್ರತಿ ಮಾರಿ ಬಂದ ಹಣ, ಜನರು ಕೊಟ್ಟ ಚಂದಾ ಸೇರಿ 1866ರಲ್ಲಿ ಅನಾಥಾಲಯ ತೆರೆಯಿತು. ಫಿಲಿಂಡಾ ಅಲ್ಲೇ ಕೆಲಸಕ್ಕೆ ನಿಂತು ಮೂರು ವರ್ಷ ಮಕ್ಕಳೊಂದಿಗೆ ಇದ್ದಳು. ಆಕೆ ಮರುಮದುವೆಯಾಗಿ ಹೊರಟ ಮೇಲೆ ಮೇಲ್ವಿಚಾರಕಿಯಾಗಿ ಬಂದವಳು ರೋಸಾ ಕಾರ್ಮೈಕಲ್. ಮಕ್ಕಳನ್ನು ಬಡಿದಳು, ನೆಲಮಾಳಿಗೆಯಲ್ಲಿ ಕೂಡಿಹಾಕಿದಳು ಎಂದು ಊರು ದೂರಿತು. ಮೊದಲೆಲ್ಲ ಈ ಮಕ್ಕಳೇ ಮುಂದಾಗಿ ಸಿಪಾಯಿಗಳ ಗೋರಿಗೆ ಹೂ ಏರಿಸುತ್ತಿದ್ದರು. ಕೊನೆಗೆ ಅದಕ್ಕೂ ತಡೆಯಾಯಿತು. ಗೋರಿಗಳಿದ್ದದ್ದು ಬೇಲಿಯಾಚೆಗೇ. 1876ರಲ್ಲಿ ರೋಸಾಳನ್ನು ಹಿಡಿದರು. ದಂಡ 20 ಡಾಲರು. ಮರುವರ್ಷ ಅನಾಥಾಲಯಕ್ಕೆ ಬೀಗ ಬಿತ್ತು.

“ಇಪ್ಪತ್ತ ಡಾಲರಾ? ಹಂಗಾರ ದೆವ್ವ ಆಗಿ ಅಡ್ಡಾಡೋರು ಯಾರ್ರಿ, ಆ ಹುಡುಗರೋ ಅಕಿನೋ?”

“ಹುಡುಗರು ಅಳೂದು ಕೇಳಸತೈತಿ ಅಂತಾರ.”

“ಅಕಿ ಅಳಬೇಕಾಗಿತ್ತು,” ಎಂದಳು ಕಾಕೂ.

ನನ್ನ ತಲೆಯಲ್ಲಿ ಓಡಿದ್ದು ಬೇರೆ. 1876, 1877. ಅಲ್ಲಿ ಆ ಬೀಗ ಬೀಳುವಾಗ ಇಲ್ಲಿ ಧಾತು, ಈಶ್ವರ ಸಂವತ್ಸರಗಳ ಬರ. ಬೆಳಗಾವಿ, ಧಾರವಾಡ, ಕಲಾದಗಿ ಸೀಮೆಗಳು ಒಣಗಿದವು. ಹಗೇವುಗಳು ತಳ ಕಂಡವು. ದಿಕ್ಕಿಲ್ಲದ ಮಕ್ಕಳಲ್ಲಿ ಕೆಲವರನ್ನು ಧಾರವಾಡ ಸೀಮೆಯಲ್ಲಿ ಬಾಸೆಲ್ ಮಿಷನ್ನಿನವರು ಸಾಕಿದರು. ಪಂಢರಪುರದಲ್ಲಿ ಮುನ್ಸೀಫರಾಗಿದ್ದ ಲಾಲಶಂಕರ ಉಮಿಯಾಶಂಕರರು 1875ರಲ್ಲಿ ಶುರುಮಾಡಿದ ಅನಾಥ ಮಕ್ಕಳ ಮನೆ ಮುಂಬಯಿಯ ಪ್ರಾರ್ಥನಾ ಸಮಾಜದ ಆಸರೆಯಲ್ಲಿ ಬೆಳೆಯಿತು. ಕಾಕೂ ಆಷಾಢಿಗೆ ಎಷ್ಟೋ ಸಲ ಪಂಢರಪುರಕ್ಕೆ ನಡೆದು ಹೋದವಳು. ಚಂದ್ರಭಾಗೆ ಗೊತ್ತು, ವಿಠ್ಠಲ ಗೊತ್ತು, ಈ ಮನೆ ಗೊತ್ತಿಲ್ಲ. ದೆವ್ವವಿದೆ ಎಂದಿದ್ದರೆ ಗೊತ್ತಿರುತ್ತಿತ್ತು.

ಇನ್ನು ಗೋಕಾಕ, ಮೂಡಲಗಿ, ಹುಕ್ಕೇರಿಗಳ ಹಾದಿಬದಿಯಲ್ಲೇ ಹೋದ ಮಕ್ಕಳು? ಅವರ ದೆವ್ವದ ಕಥೆಯೂ ನಮ್ಮಲ್ಲಿಲ್ಲ. ಗುಮ್ಮಟದ ಸರದಾರನಿಗೆ ದೆವ್ವವಾಗುವ ಯೋಗವುಂಟು, ಅವನಿಗೆ ಕಟ್ಟಡವಿದೆ. ದೆವ್ವವಾಗಲಿಕ್ಕೂ ಒಂದು ಮಾಡು, ನಾಲ್ಕು ಗೋಡೆ ಬೇಕು ಅಂತ ಕಾಣುತ್ತದೆ.

ಕಾಕೂಗೆ ಇದನ್ನು ಹೇಳಲಿಲ್ಲ. ಅವಳು ಆಗಲೇ ಕರಿಬೇವಿನ ಕಟ್ಟು ನನ್ನ ಕೈಗಿಟ್ಟು, ತವರಿನ ಸುದ್ದಿಗೆ ಹೊರಳಿದ್ದಳು. ಅಣ್ಣನ ಮಗ ಹಳೇ ಮನೆ ಕೆಡವಿ ಸ್ಲ್ಯಾಬು ಹಾಕಿಸುತ್ತಿದ್ದಾನಂತೆ. ಎರಡು ಹಗೇವಿನಲ್ಲಿ ಒಂದನ್ನು ಆಗಲೇ ಮುರುಮು ಸುರಿದು ಮುಚ್ಚಿದ್ದಾರೆ. ಗೆಟಿಸ್‌ಬರ್ಗಿನ ಆ ಮ್ಯೂಸಿಯಮ್ಮೂ 2014ರಲ್ಲಿ ಮುಚ್ಚಿತು.

ಓದುತ್ತಿರುವ ನಿಮ್ಮ ಊರಮನೆಯಲ್ಲೂ ಒಂದು ಹಗೇವು ಉಳಿದಿದ್ದರೆ, ಮುಚ್ಚುವ ಮುಂಚೆ ಮಕ್ಕಳಿಗೆ ಒಮ್ಮೆ ತೋರಿಸಿರಿ. ಆದರೆ ಮೊದಲು ಕಂದೀಲು ಇಳಿಬಿಟ್ಟು ನೋಡಿರಿ. ಆರಿದರೆ ಯಾರೂ ಇಳಿಯಬೇಡಿರಿ.