ಲಘುಕಾರು ಮೀಮಾಂಸೆ

ಶಾಸ್ತ್ರಗ್ರಂಥವೆಂದ ಮೇಲೆ ಮೊದಲು ದೇಶನಿರ್ಣಯವಾಗಬೇಕು. ಅಗ್ಗದ ಸಣ್ಣ ಕಾರು ಓಡಿಸುವುದರಿಂದ ಹುಟ್ಟುವ ಆನಂದವನ್ನು ಪರೀಕ್ಷಿಸಲು ಈ ಭೂಮಂಡಲದಲ್ಲಿ ಎಂ.ಕೆ. ಹುಬ್ಬಳ್ಳಿಗಿಂತ ಪ್ರಶಸ್ತವಾದ ಸ್ಥಳವಿಲ್ಲವೆಂದು ಪ್ರಬಂಧಕಾರರು ಆರಂಭದಲ್ಲೇ ಪ್ರತಿಜ್ಞೆ ಮಾಡುತ್ತಾರೆ. ದೊಡ್ಡ ಹುಬ್ಬಳ್ಳಿಯೊಂದು ಅಷ್ಟು ಹತ್ತಿರದಲ್ಲಿದ್ದರೂ ಅಂಜದೆ, ಮುಗುಟಖಾನನ ಹೆಸರನ್ನು ಎರಡು ಅಕ್ಷರಕ್ಕೆ ಇಳಿಸಿ ಮುಂದಿಟ್ಟುಕೊಂಡು, ತಾನೂ ಹುಬ್ಬಳ್ಳಿಯೇ ಎಂದು ಹೆದ್ದಾರಿಯ ಮಗ್ಗುಲಿಗೆ ನಿಂತ ಊರಿದು. ಸಣ್ಣ ಕಾರಿನ ಮನಸ್ಸು ಇಂಥ ಊರಿಗೆ ಬೇಗ ತಿಳಿಯುತ್ತದೆ. ಮೇಲಾಗಿ ಬೆಳಗಾವಿ–ಧಾರವಾಡದ ನಡುವಿನ ರಾಷ್ಟ್ರೀಯ ಹೆದ್ದಾರಿ 48, ಮಲಪ್ರಭೆಯ ಸೇತುವೆ, ಸಹಕಾರಿ ಸಕ್ಕರೆ ಕಾರ್ಖಾನೆ, ಎರೆಹೊಲದ ದಾರಿ, ಬೈಲಹೊಂಗಲದ ಆಚೆಗೆ ಸವದತ್ತಿ ಎಲ್ಲಮ್ಮನ ಗುಡ್ಡದ ಏರು, ಇಷ್ಟೂ ಪ್ರಯೋಗಶಾಲೆಗಳು ಒಂದೇ ಟ್ಯಾಂಕ್ ಪೆಟ್ರೋಲಿನೊಳಗೆ ಸಿಗುತ್ತವೆ.

ಇನ್ನು ಲಕ್ಷಣ. ಯಾವ ವಾಹನದಲ್ಲಿ ಓವರ್‌ಟೇಕ್ ಮಾಡುವ ಮೊದಲು ಎಸಿ ಬಂದ್ ಮಾಡಬೇಕಾಗುತ್ತದೆಯೋ ಅದೇ ಸಣ್ಣ ಕಾರು. ಎಸಿಯೇ ಇಲ್ಲದ ಹಳೆಯ ಮಾಡೆಲುಗಳಿಗೆ ಈ ಲಕ್ಷಣ ಅನ್ವಯಿಸುವುದಿಲ್ಲ, ಆದ್ದರಿಂದ ಇಲ್ಲಿ ಅವ್ಯಾಪ್ತಿ ದೋಷವಿದೆ ಎಂದು ಪೂರ್ವಪಕ್ಷದವರು ಆಕ್ಷೇಪಿಸಬಹುದು. ದೋಷವಿಲ್ಲ. ಅಂಥ ಕಾರುಗಳಲ್ಲಿ ಒಳಗೆ ಕೂತವರು ಉಸಿರು ಬಂದ್ ಮಾಡುತ್ತಾರೆ.

ಈ ಲಕ್ಷಣಕ್ಕೆ ಆದರ್ಶ ಉದಾಹರಣೆ ಮಾರುತಿ 800. 1983ರ ಡಿಸೆಂಬರ್ 14ರಂದು ಇಂದಿರಾ ಗಾಂಧಿಯವರು ಇದರ ಮೊದಲ ಕೀಲಿಯನ್ನು ದೆಹಲಿಯ ಹರ್ಪಾಲ್ ಸಿಂಗ್ ಅವರ ಕೈಗಿತ್ತರು. ಬೆಲೆ 50 ಸಾವಿರದ ಆಸುಪಾಸು. 796 ಸಿಸಿಯ ಇಂಜಿನ್, ಮೂರೇ ಸಿಲಿಂಡರ್, 12 ಇಂಚಿನ ಗಾಲಿ, ಬಹುಕಾಲ ನಾಲ್ಕೇ ಗೇರು, ತೂಕ 650 ಕಿಲೋ ಸುಮಾರು. ಶಕ್ತಿ 37 ಕುದುರೆಗಳಷ್ಟು, ಅದರಲ್ಲೂ ಕೆಲವು ಕುದುರೆಗಳನ್ನು ಎಸಿಯ ಕಂಪ್ರೆಸರ್ ತನ್ನ ಚಾಕರಿಗೆ ಕಟ್ಟಿಕೊಳ್ಳುತ್ತದೆ. 2014ರ ಜನವರಿಯಲ್ಲಿ ಉತ್ಪಾದನೆ ನಿಂತಿತು. ನಿಂತದ್ದು ಕಾರ್ಖಾನೆಯಲ್ಲಿ, ಕಿತ್ತೂರು ನಾಡಿನ ರಸ್ತೆಗಳಿಗೆ ಆ ಸುದ್ದಿ ಇನ್ನೂ ಪೂರ್ತಿ ಮುಟ್ಟಿಲ್ಲ.

ಪ್ರಬಂಧದ ಮೂಲ ಸಿದ್ಧಾಂತ ಇಷ್ಟೆ: ಆನಂದವಿರುವುದು ಶಕ್ತಿಯ ಸಂಗ್ರಹದಲ್ಲಲ್ಲ, ಇದ್ದುದನ್ನೆಲ್ಲ ಖರ್ಚು ಮಾಡುವುದರಲ್ಲಿ. ನಾಲ್ಕು ಪಥದ ಹೆದ್ದಾರಿಯಲ್ಲಿ ಕಾರಿಗೆ ಕಾನೂನು ಕೊಡುವ ಗರಿಷ್ಠ ವೇಗ ಗಂಟೆಗೆ 100 ಕಿ.ಮೀ. ಇನ್ನೂರು ಕುದುರೆಯ ಗಾಡಿಯ ಸಾಹುಕಾರ ಅಲ್ಲಿಗೆ ಮುಟ್ಟಿದಾಗ ಅವನ ಮುಕ್ಕಾಲು ಕುದುರೆಗಳು ಲಾಯದಲ್ಲೇ ಮಲಗಿರುತ್ತವೆ. ಅವುಗಳಿಗೂ ಅವನು ಕಂತು ಕಟ್ಟುತ್ತಿರುತ್ತಾನೆ. 800ರವನ ಲಾಯ ಅಷ್ಟು ಹೊತ್ತಿಗೆ ಹೆಚ್ಚುಕಡಿಮೆ ಖಾಲಿ. ತಾನು ವೇಗದಲ್ಲಿದ್ದೇನೆಂದು ಅವನಿಗೆ ಪ್ರತ್ಯಕ್ಷ, ಅನುಮಾನ, ಶಬ್ದ ಎಂಬ ಮೂರೂ ಪ್ರಮಾಣಗಳಿಂದ ಗೊತ್ತಾಗುತ್ತದೆ. ಶಬ್ದ ಮುಖ್ಯವಾಗಿ ಹಿಂದಿನ ಬಾಗಿಲಿನದು.

ಸಿದ್ಧಾಂತದ ಅಗ್ನಿಪರೀಕ್ಷೆ ನಡೆಯುವುದು ಕಬ್ಬಿನ ಹಂಗಾಮಿನಲ್ಲಿ. ಕಾರ್ಖಾನೆಯ ಹಾದಿ ಹಿಡಿದ ಟ್ರ್ಯಾಕ್ಟರು ಎರಡು ಟ್ರೇಲರ್ ಎಳೆದುಕೊಂಡು, ಎರಡೂ ಮಗ್ಗುಲಿಗೆ ಕಬ್ಬು ಚಾಚಿಕೊಂಡು, ಹಾಡು ಹಚ್ಚಿಕೊಂಡು ಹೊರಟಿರುತ್ತದೆ. ಬೈಲಹೊಂಗಲದ ಕಡೆಯ ರಸ್ತೆಯಲ್ಲಿ ಇದರ ಹಿಂದೆ ಸಿಕ್ಕ ದೊಡ್ಡ ಗಾಡಿಯವನು ಬಲಗಾಲನ್ನು ಸ್ವಲ್ಪ ಒತ್ತುತ್ತಾನೆ, ದಾಟುತ್ತಾನೆ, ಮುಂದಿನ ಮೈಲಿಗೆ ಮರೆಯುತ್ತಾನೆ. ಅನುಭವ ಶೂನ್ಯ. 800ರಲ್ಲಿ ಅದೇ ಕೆಲಸಕ್ಕೆ ಮಂತ್ರಾಲೋಚನೆ ಬೇಕು. ಎದುರಿನ ಬಸ್ಸು ಎಷ್ಟು ದೂರ ಇದೆ? ಏರು ಎಲ್ಲಿ ಮುಗಿಯುತ್ತದೆ? ಹಿಂದಿನ ಸೀಟಿನಲ್ಲಿ ಎಷ್ಟು ಮಂದಿ ಮಾವಂದಿರಿದ್ದಾರೆ? “ಇನ್ನs ತಡೀಪಾ, ಬಸ್ ಹೋಗ್ಲಿ.” “ಹೂಂ, ಈಗ ಹೊಡಿ! ಎಸಿ ಬಂದ್ ಮಾಡು ಮೊದ್ಲ!” ಗೇರು ನಾಲ್ಕರಿಂದ ಮೂರಕ್ಕೆ ಬೀಳುತ್ತದೆ, ಇಂಜಿನ್ ದನಿ ಏರುತ್ತದೆ, ಎಲ್ಲರೂ ತಾವಾಗಿಯೇ ಮುಂದಕ್ಕೆ ಬಾಗುತ್ತಾರೆ. ಭೌತಶಾಸ್ತ್ರದ ಪ್ರಕಾರ ಈ ಬಾಗುವಿಕೆಯಿಂದ ಕಾರಿನ ವೇಗ ಹೆಚ್ಚುವುದಿಲ್ಲ. ಆದರೆ ಬಾಗದೆ ಕೂತ ಮಾವನೊಬ್ಬನೂ ಈ ಪ್ರಾಂತ್ಯದಲ್ಲಿ ಸಿಕ್ಕಿಲ್ಲವಾದ್ದರಿಂದ ಹೋಲಿಸಿ ನೋಡುವ ಅವಕಾಶವಿಲ್ಲ. ಎರಡನೇ ಟ್ರೇಲರ್, ಮೊದಲನೇ ಟ್ರೇಲರ್, ಕೊನೆಗೆ ಟ್ರ್ಯಾಕ್ಟರಿನ ದೊಡ್ಡ ಗಾಲಿ ಕಿಟಕಿಯ ಮಟ್ಟದಲ್ಲಿ ಹಿಂದೆ ಸರಿದಾಗ ಒಳಗೆ ಹುಟ್ಟುವ ಸಾಮೂಹಿಕ ನಿಟ್ಟುಸಿರೇ ಈ ಶಾಸ್ತ್ರದಲ್ಲಿ ರಸ.

ವಿದೇಶೀ ವಿದ್ವಾಂಸರೂ ಈ ಕ್ಷೇತ್ರದಲ್ಲಿ ದುಡಿದಿದ್ದಾರೆ. ಫ್ರಾನ್ಸಿನ ಸಿಟ್ರೋಯೆನ್ ಕಂಪನಿಯ ಪಿಯೇರ್ ಬುಲಾಂಜೆ ತನ್ನ ಇಂಜಿನಿಯರರಿಗೆ ಹಾಕಿದ ಷರತ್ತು ಪ್ರಸಿದ್ಧ: ರೈತರ ಕಾರು ಉತ್ತ ಹೊಲವನ್ನು ದಾಟಬೇಕು, ಬುಟ್ಟಿಯ ಮೊಟ್ಟೆ ಒಡೆಯಬಾರದು, ನಾಲ್ವರ ಜೊತೆ 50 ಕಿಲೋ ಆಲೂಗಡ್ಡೆಯನ್ನೂ ಹೊರಬೇಕು. 1948ರಲ್ಲಿ ಅದು 2ಸಿವಿ ಎಂಬ ಹೆಸರಿನಿಂದ ಹೊರಬಂತು. ಇಂಜಿನ್ 375 ಸಿಸಿ, ಶಕ್ತಿ ಒಂಬತ್ತು ಕುದುರೆ. ಸಾಧನೆ ದೊಡ್ಡದೇ, ಆದರೂ ಪರೀಕ್ಷೆ ಸಡಿಲವಾಯಿತೆಂದು ಬೆಳಗಾವಿ ಪಂಥದ ಅಭಿಪ್ರಾಯ. ಮೊಟ್ಟೆಯದೇನು ಮಹಾ? ಬನದ ಹುಣ್ಣಿಮೆಗೆ ಎಲ್ಲಮ್ಮನ ಗುಡ್ಡಕ್ಕೆ ಹೊರಟ ಮನೆಯವರ ಬುತ್ತಿಯಲ್ಲಿ ಎಳ್ಳು ಹಚ್ಚಿದ ಖಡಕ್ ಸಜ್ಜೆ ರೊಟ್ಟಿಯಿರುತ್ತದೆ. ಜೊತೆಗೆ ಗುರೆಳ್ಳು ಚಟ್ನಿ, ಎಣ್ಣೆಗಾಯಿ, ಮೊಸರಿನ ಗಡಿಗೆ, ಇವೆಲ್ಲದರ ಮೇಲೊಂದು ಮೊಮ್ಮಗು. ಆ ರೊಟ್ಟಿ ಗುಡ್ಡದ ಮೇಲೆ ಇಡಿಯಾಗಿ ಇಳಿದರೆ ಅದು ಸಸ್ಪೆನ್ಷನ್ನು. ಫ್ರೆಂಚರು ಈ ಪರೀಕ್ಷೆಗೆ ಕೂತವರಲ್ಲ.

ಕನ್ನಡ ನಾಡು ಬರೀ ಕೊಳ್ಳುವ ನಾಡಾಗಿರಲಿಲ್ಲ ಎಂಬುದನ್ನೂ ದಾಖಲಿಸಬೇಕು. 1970ರ ದಶಕದಲ್ಲೇ ಬೆಂಗಳೂರಿನಲ್ಲಿ ಬಾದಲ್ ಎಂಬ ಮೂರು ಗಾಲಿಯ, ಫೈಬರ್‌ಗ್ಲಾಸ್ ಮೈಯ ಕಾರು ತಯಾರಾಯಿತು. ಅದರ ಬೆನ್ನಿಗೆ ಸಿಪಾನಿಯವರು ಬ್ರಿಟನ್ನಿನ ರಿಲಯಂಟ್ ಕಿಟನ್ ಆಧರಿಸಿ ಡಾಲ್ಫಿನ್ ತಂದರು: 848 ಸಿಸಿ, ಎರಡೇ ಬಾಗಿಲು. ಮಾರುತಿಯ ಎದುರು ಅದು ಬಹುಕಾಲ ನಿಲ್ಲಲಿಲ್ಲ. 2001ರಲ್ಲಿ ಅದೇ ಬೆಂಗಳೂರಿನಿಂದ ರೇವಾ ಎಂಬ ವಿದ್ಯುತ್ ಕಾರು ಬಂತು. ಜಗತ್ತು ಬ್ಯಾಟರಿ ಕಾರಿನ ಬಗ್ಗೆ ಗಂಭೀರವಾಗುವ ಹೊತ್ತಿಗೆ ಇಲ್ಲಿಯವರು ಅದನ್ನು ನೋಡಿ ನಕ್ಕು ಮುಗಿಸಿಯಾಗಿತ್ತು.

ಎಂ.ಕೆ. ಹುಬ್ಬಳ್ಳಿಗೆ ಹೊಟ್ಟೆಯುರಿಯುವ ಅಧ್ಯಾಯ ಬೇರೆ. 2008ರ ಜನವರಿಯಲ್ಲಿ ರತನ್ ಟಾಟಾ ದೆಹಲಿಯಲ್ಲಿ ನ್ಯಾನೋ ತೋರಿಸಿ ಲಕ್ಷ ರೂಪಾಯಿಯ ಕಾರು ಎಂದರು. ಅದೇ ವರ್ಷ ಅಕ್ಟೋಬರಿನಲ್ಲಿ ಕಂಪನಿ ಬಂಗಾಳದ ಸಿಂಗೂರು ಬಿಟ್ಟಿತು. ಆಗ ಜಾಗ ಕೊಡುತ್ತೇವೆಂದು ಮುಂದೆ ಬಂದ ರಾಜ್ಯಗಳಲ್ಲಿ ಕರ್ನಾಟಕವೂ ಒಂದು, ಅದು ತೋರಿಸಿದ ಜಾಗ ಧಾರವಾಡ. ಕಾರ್ಖಾನೆ ಹೋಗಿ ಕೂತದ್ದು ಗುಜರಾತಿನ ಸಾನಂದದಲ್ಲಿ. ಧಾರವಾಡದ ಪಾಲಿಗೆ ಟಾಟಾ ಮಾರ್ಕೊಪೋಲೊದ ಬಸ್ಸುಗಳು ಉಳಿದವು. ಜಗತ್ತಿನ ಅತಿ ಅಗ್ಗದ ಕಾರು ಕಿತ್ತೂರಿನ ಮಗ್ಗುಲಲ್ಲೇ ಹುಟ್ಟಬಹುದಿತ್ತು. ಬದಲಿಗೆ ಅತಿ ಉದ್ದದ ವಾಹನಗಳು ಹುಟ್ಟಿದವು, ಈಗ ಅವನ್ನೇ ಓವರ್‌ಟೇಕ್ ಮಾಡಬೇಕು.

ಕೊನೆಯದಾಗಿ ತತ್ತ್ವವಿಚಾರ. ಹಿರೇಬಾಗೇವಾಡಿಯ ಟೋಲ್ ನಾಕಾ ಅಪ್ಪಟ ಅದ್ವೈತಿ. 650 ಕಿಲೋದ 800ಕ್ಕೂ ಎರಡೂವರೆ ಟನ್ನಿನ ಎಸ್‌ಯುವಿಗೂ ಅಲ್ಲಿ ಭೇದವಿಲ್ಲ. ಎರಡೂ ಕಾರು–ಜೀಪು–ವ್ಯಾನೆಂಬ ಒಂದೇ ವರ್ಗ, ಒಂದೇ ಶುಲ್ಕ. ಭೇದ ಕಾಣಿಸುವುದು ಪೆಟ್ರೋಲ್ ಬಂಕಿನಲ್ಲಿ. 800ರ ಟ್ಯಾಂಕಿಗೆ 28 ಲೀಟರ್, ನ್ಯಾನೋದ್ದಕ್ಕೆ 15. ಆದ್ದರಿಂದ “ಫುಲ್ ಮಾಡ್ರಿ” ಎಂಬ ಮಹಾವಾಕ್ಯವನ್ನು ಇಡೀ ಬಂಕಿಗೆ ಕೇಳುವಂತೆ ಉಚ್ಚರಿಸುವ ಅಧಿಕಾರ ಸಣ್ಣ ಕಾರಿನವನಿಗೆ ಮಾತ್ರ ಇದೆ.

ನ್ಯಾನೋದವನಿಗೆ ಇಲ್ಲೊಂದು ಹೆಚ್ಚಿನ ಸುಖವುಂಟು. ಅದರ ಪೆಟ್ರೋಲ್ ಮುಚ್ಚಳ ಇರುವುದು ಮುಂದಿನ ಬಾನೆಟ್ಟಿನ ಕೆಳಗೆ, ಇಂಜಿನ್ ಇರುವುದು ಹಿಂದೆ. ಅವನು ಇಳಿದು ಬಾನೆಟ್ ಎತ್ತಿದೊಡನೆ ಹೊಸ ಹುಡುಗ ಕೊಡದಲ್ಲಿ ನೀರು ಹಿಡಿದು ಓಡಿ ಬರುತ್ತಾನೆ.

“ಇಂಜಿನ್ ಗರಂ ಆತೇನ್ರಿ ಕಾಕಾ?”

“ನೀರ ಅಲ್ಲಿಡೊ ತಮ್ಮಾ, ಪೈಪ್ ತಗೊಂಬಾ.”