ಬಾಯಿ ಉಂಟು, ಬೀಗವೂ ಉಂಟು

(ಹೊಸೂರು ರಸ್ತೆ ಬದಿಯ ಗಾರ್ಮೆಂಟ್ಸ್ ಕಾರ್ಖಾನೆಯೊಂದರ ದೂರು ಪೆಟ್ಟಿಗೆ ಊಟದ ಬಿಡುವಿನಲ್ಲಿ ಮಾತಿಗೆ ಸಿಕ್ಕಿತು. ಅದನ್ನು ತೂಗುಹಾಕಿರುವುದು ಸಿಸಿಟಿವಿ ಕ್ಯಾಮೆರಾದ ಎದುರಿಗೆ. ಕೀಲಿ ಎಚ್‌ಆರ್ ಸಾಹೇಬರ ಜೇಬಿನಲ್ಲಿ.)

ಪ್ರಶ್ನೆ: ಇಲ್ಲಿ ಯೂನಿಯನ್ ಇಲ್ಲವಂತೆ?

ಪೆಟ್ಟಿಗೆ: ನಾನಿರುವಾಗ ಅದ್ಯಾಕೆ ಸ್ವಾಮಿ? ‘ನಾವೆಲ್ಲ ಒಂದೇ ಕುಟುಂಬ’ ಅಂತ ಗೋಡೆ ಮೇಲೆ ಬರೆಸಿದ್ದಾರೆ. ಕುಟುಂಬದಲ್ಲಿ ಯಾರಾದರೂ ಯೂನಿಯನ್ ಕಟ್ಟುತ್ತಾರಾ?

ಪ್ರ: ಎಂಥ ದೂರುಗಳು ಬರುತ್ತವೆ?

ಪೆ: ಟಾರ್ಗೆಟ್ ಮುಗಿಯದಿದ್ದರೆ ಸೂಪರ್‌ವೈಸರ್ ಬಾಯಿಗೆ ಬಂದಂತೆ ಬೈಯುತ್ತಾನೆ. ಟಾಯ್ಲೆಟ್‌ಗೆ ಹೋದರೆ ಗಡಿಯಾರ ನೋಡುತ್ತಾನೆ. ಓಟಿಗೆ ದುಪ್ಪಟ್ಟು ಕೂಲಿ ಅಂತ ಕಾನೂನು ಹೇಳುತ್ತದೆ, ಇವರು ‘ಕಾಂಪ್ ಆಫ್’ ಅಂತ ಒಂದು ರಜಾ ಕೊಟ್ಟು ಮುಗಿಸುತ್ತಾರೆ. ಎಲ್ಲ ಒಂಟಿ ಚೀಟಿಗಳು. ನನಗೆ ಒಂಟಿ ಚೀಟಿ ಬಲು ಇಷ್ಟ, ಬೇಗ ಜೀರ್ಣವಾಗುತ್ತದೆ. ಕೈಬರಹ ನೋಡಿಯೇ ಬರೆದವರು ಯಾರೆಂದು ಸಾಹೇಬರು ಹೇಳಿಬಿಡುತ್ತಾರೆ.

ಪ್ರ: ಆಮೇಲೆ?

ಪೆ: ಆಮೇಲೆ ಚೀಟಿ ಬರೆದ ಆಯಮ್ಮ ಕಾಣುವುದಿಲ್ಲ. ದೂರೂ ಇರುವುದಿಲ್ಲ. ಇಷ್ಟು ಬೇಗ ಯಾವ ಕೋರ್ಟು ತೀರ್ಮಾನ ಕೊಡುತ್ತೆ ಹೇಳಿ?

ಪ್ರ: 2016ರ ಏಪ್ರಿಲ್‌ನಲ್ಲಿ ಎಷ್ಟು ಚೀಟಿ ಬಿದ್ದವು?

ಪೆ: (ಕಿರುಗುಟ್ಟುತ್ತಾ) ಒಂದೂ ಇಲ್ಲ! ಮಾಲೀಕರ ಪಾಲಿನ ಪಿಎಫ್ ಹಣ 58 ವರ್ಷದ ತನಕ ಕೈಗೆ ಸಿಗದು ಅಂತ ಕೇಂದ್ರ ಸರ್ಕಾರ ನಿಯಮ ಮಾಡಿತ್ತು. ಮೆಷಿನ್ ಮುಂದೆ 58ರವರೆಗೆ ಕೂತವರನ್ನು ನಾನಂತೂ ಕಂಡಿಲ್ಲ. 18ನೇ ತಾರೀಕು ಹೆಂಗಸರು ನನ್ನ ಕಡೆ ತಿರುಗಿಯೂ ನೋಡದೆ ರಸ್ತೆಗೆ ನಡೆದರು. ಮರುದಿನ ತುಮಕೂರು ರಸ್ತೆಯಲ್ಲೂ ಅದೇ ಕಥೆ. ಲಾಠಿ ಬೀಸಿದರು, ಅಶ್ರುವಾಯು ಸಿಡಿಸಿದರು, ಬಸ್ಸುಗಳು ಸುಟ್ಟವು. 19ರಂದೇ ದೆಹಲಿ ನಿಯಮ ವಾಪಸ್ ತೆಗೆದುಕೊಂಡಿತು. ಎರಡೇ ದಿನ! ಅರ್ಜಿ ನನ್ನ ಮೂಲಕ ಹೋಗಿದ್ದರೆ ಎರಡು ತಲೆಮಾರು ಹಿಡಿಯುತ್ತಿತ್ತು.

ಪ್ರ: ಆ ಹೋರಾಟಕ್ಕೆ ಯಾವ ಯೂನಿಯನ್ನೂ ಕರೆ ಕೊಟ್ಟಿರಲಿಲ್ಲವಲ್ಲ. ಅಂದರೆ ಯೂನಿಯನ್ ಬೇಡವೆಂದಾಯಿತೆ?

ಪೆ: ಸಾಹೇಬರೂ ಮೊದಲು ಹಾಗೇ ಹಿಗ್ಗಿದರು. ಆಮೇಲೆ, ಕೂತು ಮಾತಾಡೋಣವೆಂದರೆ ಯಾರ ಜೊತೆ? ‘ಒಬ್ಬ ಮುಖಂಡರಾದರೂ ಇದ್ದಿದ್ದರೆ’ ಅಂತ ಅವರು ಗೊಣಗಿದ್ದನ್ನು ಈ ಕಿವಿಯಾರೆ ಕೇಳಿದೆ. ಎಲ್ಲ ತಣ್ಣಗಾದ ಮೇಲೆ ಮುಖಂಡರಾಗುವ ಲಕ್ಷಣ ಇರುವವರ ಪಟ್ಟಿ ತರಿಸಿದರು. ಕೆಲಸದಿಂದ ತೆಗೆಯಲು.

ಪ್ರ: ಸಂಘ ಕಟ್ಟುವ ಹಕ್ಕಿಗೆ ಕಾನೂನಿನ ಬೆಂಬಲ ಇದೆಯಲ್ಲ?

ಪೆ: ಇದೆ, ಇದೆ. ಮದರಾಸಿನ ಬಿನ್ನಿ ಕಂಪನಿಯವರು ಕಾರ್ಮಿಕ ಮುಖಂಡ ಬಿ.ಪಿ. ವಾಡಿಯಾ ಅವರನ್ನು ಹೈಕೋರ್ಟಿಗೆ ಎಳೆದದ್ದರಿಂದ ಎದ್ದ ಗದ್ದಲವೇ ಕೊನೆಗೆ 1926ರ ಟ್ರೇಡ್ ಯೂನಿಯನ್ ಕಾಯ್ದೆಯಾಯಿತು. ನೋಂದಣಿಗೆ ಏಳು ಜನ ಸಾಕಿತ್ತು. 2001ರ ತಿದ್ದುಪಡಿಯಲ್ಲಿ ಶೇಕಡ 10 ಅಥವಾ 100 ಕಾರ್ಮಿಕರು, ಯಾವುದು ಕಡಿಮೆಯೋ ಅಷ್ಟಾದರೂ ಬೇಕು ಅಂದರು. ಆ ಪುಣ್ಯಾತ್ಮರಿಗೆ ನಮ್ಮ ಸಾಹೇಬರು ದಿನಾ ಕೈಮುಗಿಯುತ್ತಾರೆ.

ಪ್ರ: ಇತ್ತೀಚೆಗೆ ಬಂದ ದೂರು?

ಪೆ: ಒಂದೇ ಚೀಟಿಯಲ್ಲಿ ಏಳು ಸಹಿ! ಗಂಟಲಿಗೆ ಸಿಕ್ಕಿ ಒದ್ದಾಡಿಬಿಟ್ಟೆ. ಸಾಹೇಬರು ಜಾಣರು, ಏಳೂ ಜನರನ್ನು ಏಳು ಯೂನಿಟ್‌ಗೆ ಎತ್ತಂಗಡಿ ಮಾಡಿದರು.

ಪ್ರ: ಅಲ್ಲಿಗೆ ಮುಗಿಯಿತೇ?

ಪೆ: ಮುಗಿದಂತೆಯೇ. ಈಗ ಏಳು ಯೂನಿಟ್‌ಗಳಲ್ಲೂ ನನ್ನ ಬಂಧುಗಳು ಖಾಲಿ ಹೊಟ್ಟೆಯಲ್ಲಿದ್ದಾರೆ. ಜನ ಚೀಟಿ ಹಾಕುವುದನ್ನೇ ಬಿಟ್ಟು, ಶಿಫ್ಟ್ ಮುಗಿದ ಮೇಲೆ ಗೇಟಿನಾಚೆ ಟೀ ಅಂಗಡಿ ಹತ್ತಿರ ಗುಂಪು ಕೂಡಿ ಮಾತಾಡುತ್ತಾರಂತೆ. ‘ದೂರುಗಳು: ಸೊನ್ನೆ’ ಅಂತ ಸಾಹೇಬರು ಬಯರ್‌ಗೆ ವರದಿ ಕಳಿಸಿದ್ದಾರೆ.