ಕೊನೆಯದಾಗಿ ಇನ್ನೊಂದು ಪ್ರಕಟಣೆ

ನಮ್ಮ ಸಭೆಯಲ್ಲಿ ಪ್ರಸಂಗ ಇಪ್ಪತ್ತು ನಿಮಿಷ, ಪ್ರಕಟಣೆ ಇಪ್ಪತ್ತೈದು ನಿಮಿಷ. ಹೊಸದಾಗಿ ವರ್ಗವಾಗಿ ಬಂದ ಪ್ರತಿಯೊಬ್ಬ ಅಯ್ಯನವರೂ, ಅಂದರೆ ಪಾದ್ರಿಗಳೂ, ಮೊದಲ ತಿಂಗಳು ಈ ಲೆಕ್ಕವನ್ನು ತಿರುಗಿಸಲು ನೋಡುತ್ತಾರೆ. ಆಮೇಲೆ ಅವರಿಗೂ ಅರ್ಥವಾಗುತ್ತದೆ. ಪ್ರಸಂಗದ ಹೊತ್ತಿನಲ್ಲಿ ಕಣ್ಣು ಮುಚ್ಚಿ ಧ್ಯಾನಿಸುವ ಹಿರಿಯರೆಲ್ಲ, ಕಾರ್ಯದರ್ಶಿಗಳು ಕನ್ನಡಕ ಏರಿಸಿಕೊಂಡು ಎದ್ದು ನಿಂತ ಕೂಡಲೇ ತಾವೂ ಕಣ್ಣು ಬಿಡುತ್ತಾರೆ. ದೇವರ ವಾಕ್ಯವನ್ನು ಮನೆಯಲ್ಲೂ ಓದಿಕೊಳ್ಳಬಹುದು. ಗುರುವಾರದ ಪ್ರಾರ್ಥನಾಕೂಟ ಯಾರ ಮನೆಯಲ್ಲಿ, ಅಲ್ಲಿ ಬರೀ ಕಾಫಿಯೋ ತಿಂಡಿಯೂ ಇದೆಯೋ ಎಂಬುದು ಯಾವ ಪ್ರವಾದಿಯ ಗ್ರಂಥದಲ್ಲೂ ಸಿಕ್ಕುವುದಿಲ್ಲ.

ಸಭೆ ಅಂದರೆ ಭಾನುವಾರ ದೇವಾಲಯಕ್ಕೆ ಬರುವ ನಾವಿಷ್ಟೂ ಜನ. ನಮ್ಮದು ಸಿಎಸ್‌ಐ, ಚರ್ಚ್ ಆಫ್ ಸೌತ್ ಇಂಡಿಯಾ. ಹಳೇ ಬೆಂಗಳೂರಿನ ಒಂದು ಮೂಲೆಯ ಕನ್ನಡ ಸಭೆ. ಯಾವುದೆಂದು ಮಾತ್ರ ಹೇಳುವುದಿಲ್ಲ. ಹೇಳಿದರೆ ಮುಂದಿನ ವಾರದ ಪ್ರಕಟಣೆಯಲ್ಲಿ ನನ್ನ ಹೆಸರೂ ಬರುತ್ತದೆ.

ನಾವಿರುವುದು ಚಾಮರಾಜಪೇಟೆಯಲ್ಲಿ. ಬೀದಿಗೆ ಹೊಸದಾಗಿ ಬಂದವರು ನಮ್ಮ ಬಾಗಿಲ ಮೇಲೆ ಡಿಸೆಂಬರಿನಲ್ಲಿ ನಕ್ಷತ್ರ ಕಂಡ ಮರುದಿನ ಕೇಳುವ ಪ್ರಶ್ನೆ ಒಂದೇ: ‘ಮನೇಲೆಲ್ಲ ಇಂಗ್ಲಿಷೇ ಮಾತಾಡ್ತೀರಾ?’ ನಮ್ಮ ಅತ್ತೆಗೆ ಬರುವ ಇಂಗ್ಲಿಷ್ ಅಂದರೆ ಸಿಲಿಂಡರು, ಬಿ.ಪಿ. ಎರಡೇ. ಇಂಥ ಹೊತ್ತಿನಲ್ಲಿ ನಮ್ಮ ಯಜಮಾನರಿಗೆ ಎಲ್ಲಿಲ್ಲದ ಆವೇಶ ಬರುತ್ತದೆ. ಪಂಪಮಹಾಕವಿ ರಸ್ತೆಯ ಸಾಹಿತ್ಯ ಪರಿಷತ್ತಿನ ಕಡೆ ಕೈ ತೋರಿಸಿ ಶುರು ಮಾಡುತ್ತಾರೆ: ಸರ್ವಜ್ಞನ ವಚನಗಳನ್ನು ಊರೂರು ಅಲೆದು ಕೂಡಿಹಾಕಿ 1924ರಲ್ಲಿ ಅಚ್ಚು ಹಾಕಿಸಿದ ಉತ್ತಂಗಿ ಚನ್ನಪ್ಪನವರು ಬಾಸೆಲ್ ಮಿಷನ್ನಿನ ಪಾದ್ರಿ, 1949ರ ಕಲಬುರ್ಗಿ ಸಾಹಿತ್ಯ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರು. ಶಾಸನ ಓದಿಸಿದ ಬಿ.ಎಲ್. ರೈಸ್ ಇದೇ ಬೆಂಗಳೂರಿನಲ್ಲಿ 1837ರಲ್ಲಿ ಹುಟ್ಟಿದವರು, ಅವರಪ್ಪನ ಹೆಸರಿನ ರೈಸ್ ಸ್ಮಾರಕ ದೇವಾಲಯ ಅವೆನ್ಯೂ ರಸ್ತೆಯ ಪುಸ್ತಕದ ಅಂಗಡಿಗಳ ನಡುವೆ ಈಗಲೂ ಇದೆ. ಕಿಟ್ಟೆಲ್ ನಿಘಂಟು 1894ರದು... ಅಷ್ಟರಲ್ಲಿ ಕೇಳಿದವರ ಹಾಲು ಉಕ್ಕಿರುತ್ತದೆ, ಅಥವಾ ಉಕ್ಕಿತೆಂದು ಹೇಳಿ ಒಳಗೆ ಹೋಗಿರುತ್ತಾರೆ.

ಪಂಪಮಹಾಕವಿ ರಸ್ತೆಯಲ್ಲೇ ಸಂತ ಲೂಕನ ದೇವಾಲಯವೂ ಇದೆ. ಮೊದಲು ಅದು ಕೋಟೆಯೊಳಗಿದ್ದ ಇಂಗ್ಲಿಷ್ ಸೈನಿಕರ ಪುಟ್ಟ ಚರ್ಚು. ವಾಣಿವಿಲಾಸ ಆಸ್ಪತ್ರೆ ಕಟ್ಟುವಾಗ ಜಾಗ ಬಿಟ್ಟುಕೊಟ್ಟು ಇತ್ತ ಬಂತು. ಲೂಕನೂ ಕಸುಬಿನಿಂದ ವೈದ್ಯನೇ. ಆಸ್ಪತ್ರೆಗೆ ಜಾಗ ಬಿಟ್ಟಿದ್ದಕ್ಕೆ ಬೇಜಾರು ಮಾಡಿಕೊಂಡಿರಲಾರ.

1947ರ ಸೆಪ್ಟೆಂಬರ್ 27ರಂದು, ಸ್ವಾತಂತ್ರ್ಯ ಬಂದ ಆರೇ ವಾರಕ್ಕೆ, ಮದರಾಸಿನ ಸೇಂಟ್ ಜಾರ್ಜ್ ಕೆಥೀಡ್ರಲಿನಲ್ಲಿ ನಮ್ಮವರೆಲ್ಲ ಒಂದಾದರು. ಬಿಷಪ್ಪರಿದ್ದ ಆಂಗ್ಲಿಕನ್ನರು, ಬಿಷಪ್ಪರಿಲ್ಲದ ಮೆಥಡಿಸ್ಟರು, ಬಿಷಪ್ಪರೇ ಬೇಡವೆನ್ನುತ್ತಿದ್ದ ಪ್ರೆಸ್ಬಿಟೀರಿಯನ್ನರು ಮತ್ತು ಕಾಂಗ್ರಿಗೇಷನಲಿಸ್ಟರು. ದೇಶ ಎರಡು ಭಾಗವಾದ ವರ್ಷದಲ್ಲಿ ಇವರು ಒಂದಾದದ್ದು ದೊಡ್ಡ ಸಂಗತಿಯೇ. ಆದರೆ ಒಂದಾಗುವುದು ಅಂದರೆ ನಾಲ್ಕು ಮನೆಯ ಸೊಸೆಯರು ಒಂದೇ ಅಡಿಗೆಮನೆಗೆ ಬಂದಂತೆ. ಪಾತ್ರೆ ಒಂದೇ ಆದರೂ ಒಗ್ಗರಣೆ ಅವರವರ ತವರಿನದೇ. ಇವತ್ತಿಗೂ ನಮ್ಮಲ್ಲಿ ‘ಪ್ರಾರ್ಥಿಸೋಣ’ ಅಂದಾಗ ನೋಡಬೇಕು. ಆಂಗ್ಲಿಕನ್ ಮೂಲದವರು ಮೊಣಕಾಲೂರುತ್ತಾರೆ. ಲಂಡನ್ ಮಿಷನ್ನಿನ, ಅಂದರೆ ಕಾಂಗ್ರಿಗೇಷನಲ್ ಕಡೆಯವರು ಕೂತಲ್ಲೇ ತಲೆ ಬಾಗಿಸುತ್ತಾರೆ. ಮೆಥಡಿಸ್ಟರಾದ ವೆಸ್ಲಿಯನ್ ಕಡೆಯವರು ಹೆಚ್ಚೂಕಡಿಮೆ ನಡುವೆ ನಿಲ್ಲುತ್ತಾರೆ, ಅಂದರೆ ಬೆಂಚಿನ ತುದಿಗೆ ಜಾರಿ, ಮುಂದಿನ ಬೆಂಚಿಗೆ ಹಣೆ ಆನಿಸುತ್ತಾರೆ. ಕಾರ್ಪೊರೇಷನ್ ಹತ್ತಿರದ ಹಡ್ಸನ್ ದೇವಾಲಯ 1904ರಲ್ಲಿ ವೆಸ್ಲಿಯನ್ನರು ಕಟ್ಟಿಸಿದ್ದು. ಅಲ್ಲಿ ನಮ್ಮತ್ತೆಯ ಮದುವೆಯಾಯಿತು. ಆ ಒಂದೇ ಕಾರಣಕ್ಕೆ ಅವರು ಅರ್ಧ ಶತಮಾನದಿಂದ ನಮ್ಮ ಸಭೆಯಲ್ಲಿದ್ದರೂ ‘ನಮ್ಮ ಕಡೆ ಹೀಗಲ್ಲಮ್ಮ’ ಅನ್ನುವುದನ್ನು ಬಿಟ್ಟಿಲ್ಲ.

ಎಲ್ಲ ಕಡೆಯವರೂ ಭೇದವಿಲ್ಲದೆ ಕಿವಿ ಅಗಲಿಸುವುದು ಮದುವೆ ಪ್ರಕಟಣೆಗೆ. ಮೂರು ಭಾನುವಾರ ವಧೂವರರ ಹೆಸರು ಕೂಗಿ, ಆಕ್ಷೇಪಣೆಯಿದ್ದವರು ತಿಳಿಸಬೇಕೆಂದು ಕೇಳುವುದು ಆಂಗ್ಲಿಕನ್ನರು ತಂದ ಹಳೇ ಕಟ್ಟಳೆ. ಮೊದಲ ಭಾನುವಾರ ಹುಡುಗ ಹುಡುಗಿಯ ತಂದೆ ತಾಯಿ ಹೆಸರು, ಊರು ಬರುತ್ತವೆ. ಹಿಂದಿನ ಬೆಂಚಿನ ಸಂಶೋಧನೆ ಅಲ್ಲಿಂದ ಶುರು: ‘ಯಾರು, ಆ ಕೋಲಾರದ ಟೀಚರಮ್ಮನ ಮೊಮ್ಮಗಳೇ?’ ಎರಡನೇ ಭಾನುವಾರದೊಳಗೆ ಹುಡುಗನ ಸಂಬಳ, ಹುಡುಗಿಯ ಎತ್ತರ ಗೊತ್ತಾಗಿರುತ್ತದೆ. ಮೂರನೇ ಸಲ ಅಯ್ಯನವರು ‘ಯಾರಿಗಾದರೂ ಆಕ್ಷೇಪಣೆ ಇದ್ದಲ್ಲಿ...’ ಎಂದು ಒಂದು ಕ್ಷಣ ನಿಲ್ಲಿಸುತ್ತಾರಲ್ಲ, ಆಗ ಹುಡುಗಿಯ ಅಜ್ಜಿ ಬೆಂಚಿನಲ್ಲಿ ಬೆನ್ನು ನೆಟ್ಟಗೆ ಮಾಡಿ, ಸೆರಗು ಸರಿಪಡಿಸಿಕೊಂಡು, ಇಡೀ ಸಭೆಯನ್ನು ಎಡದಿಂದ ಬಲಕ್ಕೆ ಒಂದು ಸಲ ನೋಡುತ್ತಾರೆ. ಆ ನೋಟದ ಮುಂದೆ ಆಕ್ಷೇಪಣೆ ಎತ್ತುವ ಧೈರ್ಯ ಯಾರಿಗಿದೆ? ಒಮ್ಮೆ ಒಬ್ಬರು ಎದ್ದು ನಿಂತುಬಿಟ್ಟರು. ಎಲ್ಲರ ಉಸಿರೂ ನಿಂತಿತು. ಅವರು ಎದ್ದದ್ದು ಗೇಟಿಗೆ ಅಡ್ಡ ನಿಂತ ತಮ್ಮ ಕೆಎ 05 ಕಾರನ್ನು ತೆಗೆಯಲು. ಅದರ ಪ್ರಕಟಣೆ ಅದಕ್ಕೂ ಮುಂಚೆ ಬಂದಿತ್ತು, ಅವರಿಗೆ ಆಗ ತಲೆಗೆ ಹೋಗಿತ್ತು.

ಆದರೂ ಪ್ರಕಟಣೆಗಳ ರಾಜ ಅಂದರೆ ಸುಗ್ಗಿ ಹಬ್ಬದ ಪ್ರಕಟಣೆ. ಒಂದೂವರೆ ತಿಂಗಳು ಮೊದಲೇ ಶುರುವಾಗುತ್ತದೆ. ಬಿರಿಯಾನಿ ಕೂಪನ್ ಯಾರ ಹತ್ತಿರ, ವೆಜ್ ಎಷ್ಟು, ನಾನ್‌ವೆಜ್ ಎಷ್ಟು, ಸ್ತ್ರೀಯರ ಅನ್ಯೋನ್ಯ ಕೂಟದವರ ಕಜ್ಜಾಯದ ಸ್ಟಾಲು ಬಲಗಡೆಯೋ ಎಡಗಡೆಯೋ. ಹೊಲದ ಫಲವನ್ನು ದೇವರಿಗೆ ತಂದೊಪ್ಪಿಸುವ ಹಬ್ಬ ಇದು. ಹಳ್ಳಿ ಸಭೆಗಳಲ್ಲಿ ರಾಗಿ ಮೂಟೆ, ಅವರೆಕಾಯಿ, ಕುರಿಮರಿಗಳೇ ಬರುತ್ತವೆ. ಚಾಮರಾಜಪೇಟೆಯಲ್ಲಿ ಬೆಳೆಯುವುದೇನು? ಕುಂಡದಲ್ಲಿ ದೊಡ್ಡಪತ್ರೆ, ಕಾಂಪೌಂಡಿನಲ್ಲಿ ಒಂದು ಕರಿಬೇವಿನ ಗಿಡ. ಹಾಗಾಗಿ ಶನಿವಾರ ಸಂಜೆ ಸಿಟಿ ಮಾರ್ಕೆಟ್ಟಿಗೆ ಹೋಗಿ, ಯಾರೋ ಬೆಳೆದ ಫಲವನ್ನು ಚೌಕಾಸಿ ಮಾಡಿ ಕೊಂಡು ತರುತ್ತೇವೆ. ಭಾನುವಾರ ಬೆಳಿಗ್ಗೆ ದೇವರ ಮುಂದಿಡುತ್ತೇವೆ. ಆರಾಧನೆ ಮುಗಿದ ಮೇಲೆ ಅದನ್ನೇ ಹರಾಜಿನಲ್ಲಿ ಹತ್ತು ಪಟ್ಟು ಕೊಟ್ಟು ಮನೆಗೆ ತರುತ್ತೇವೆ. ಇದರಲ್ಲಿ ಲಾಭ ಯಾರಿಗೆಂದು ಲೆಕ್ಕ ಹಾಕಲು ಕೂತವರು ಸಭೆಯಲ್ಲಿ ಬಹಳ ದಿನ ಉಳಿಯುವುದಿಲ್ಲ.

ಹೋದ ಸಲ ಯಾರೋ ಪುಣ್ಯಾತ್ಮರು ಒಂದು ನಾಟಿ ಹುಂಜವನ್ನು ಕಾಲು ಕಟ್ಟಿ ತಂದು ಬಾಳೆಗೊನೆಯ ಪಕ್ಕ ಇಟ್ಟಿದ್ದರು. ಕೀರ್ತನೆಗಳು ಮುಗಿಯುವವರೆಗೂ ಅದು ಭಕ್ತಿಯಿಂದಲೇ ಇತ್ತು. ಅಯ್ಯನವರು ಪ್ರಸಂಗಕ್ಕೆ ನಿಂತು ‘ಪ್ರಿಯರೇ’ ಎಂದರು ನೋಡಿ, ಕೂಗಿತು. ಇನ್ನೊಮ್ಮೆ ‘ಪ್ರಿಯರೇ’ ಎಂದರು, ಮತ್ತೆ ಕೂಗಿತು. ಕೋಳಿ ಕೂಗುವುದರೊಳಗೆ ಯೇಸುವನ್ನು ಅರಿಯೆನೆಂದ ಪೇತ್ರನ ಕಥೆ ನಮ್ಮಲ್ಲಿ ಮಕ್ಕಳಿಗೂ ಗೊತ್ತು. ಪೇತ್ರ, ಪೀಟರ್ ಎಂದೆಲ್ಲ ಹೆಸರಿರುವವರು ಸಭೆಯಲ್ಲಿ ಮೂವರಿದ್ದಾರೆ. ಮೂವರೂ ತಲೆ ತಗ್ಗಿಸಿದರು. ಅಯ್ಯನವರು ಅಂದು ಏನು ಬೋಧಿಸಿದರೆಂದು ಯಾರನ್ನು ಕೇಳಿದರೂ ಹೇಳಲಾರರು, ಹುಂಜ ಎಷ್ಟಕ್ಕೆ ಹೋಯಿತೆಂದು ಎಲ್ಲರೂ ಹೇಳುತ್ತಾರೆ.

ನಿಜವಾದ ಕಾಳಗ ಸಿಹಿಗುಂಬಳದ್ದು. ರೈಲ್ವೆಯಲ್ಲಿದ್ದು ರಿಟೈರಾದ ಹಿರಿಯರೊಬ್ಬರು, ಬ್ಯಾಂಕಿನಲ್ಲಿದ್ದು ರಿಟೈರಾದ ಇನ್ನೊಬ್ಬರು. ವರ್ಷವಿಡೀ ಒಂದೇ ಬೆಂಚಿನಲ್ಲಿ ಕೂತು ಒಂದೇ ಸಂಗೀತ ಪುಸ್ತಕ ಹಂಚಿಕೊಳ್ಳುವ ಸ್ನೇಹಿತರು. ಹರಾಜಿನ ದಿನ ಮಾತ್ರ ಪೆಂಡಾಲಿನ ಎರಡು ತುದಿಗೆ ಕುರ್ಚಿ ಹಾಕಿಕೊಳ್ಳುತ್ತಾರೆ. ಹರಾಜು ಕೂಗುವವನು ನಮ್ಮ ಖಜಾಂಚಿ. ಕೆಲಸದ ದಿನಗಳಲ್ಲಿ ಆಸಾಮಿ ಮಾತಾಡುವುದೇ ಕಮ್ಮಿ. ಅಂದು ಮೈಕು ಸಿಕ್ಕಿತೆಂದರೆ ಕುಂಬಳಕಾಯಿಗೆ ವಂಶಾವಳಿ ಕಟ್ಟುತ್ತಾನೆ. ಐವತ್ತು ರೂಪಾಯಿಯಿಂದ ಶುರುವಾಗಿ ಐನೂರು ದಾಟಿತು, ಸಾವಿರ ದಾಟಿತು. ರೈಲ್ವೆಯವರು ‘ಎರಡು ಸಾವಿರ’ ಅಂದರು. ಒಂದು ಸಾರಿ, ಎರಡು ಸಾರಿ, ಮೂರು ಸಾರಿ. ಕುಂಬಳಕಾಯಿ ಅವರ ತೊಡೆಗೆ ಬಂತು. ಅವರದನ್ನು ಒಂದು ನಿಮಿಷ ನೇವರಿಸಿ, ‘ಸಭೆಗೇ ಕೊಟ್ಟೆ, ಮತ್ತೆ ಕೂಗಪ್ಪ’ ಅಂದುಬಿಟ್ಟರು. ಬ್ಯಾಂಕಿನವರಿಗೆ ಇನ್ನು ಬಿಡುವುದುಂಟೇ? ಎರಡನೇ ಸುತ್ತಿನಲ್ಲಿ ಎರಡು ಸಾವಿರದ ಒಂದು ರೂಪಾಯಿಗೆ ಹಿಡಿದರು. ಆ ಒಂದು ರೂಪಾಯಿಯ ಚಪ್ಪಾಳೆ ಬಿರಿಯಾನಿ ಬಡಿಸುತ್ತಿದ್ದವರಿಗೂ ಕೇಳಿಸಿತು. ಕುಂಬಳಕಾಯಿಯನ್ನು ಅವರ ಮನೆಯವರು ಹೋಳು ಮಾಡಿ ಬುಧವಾರದೊಳಗೆ ಹದಿನೈದು ಮನೆಗೆ ಹಂಚಿದರು. ನಮ್ಮ ಮನೆಗೆ ಬಂದ ಹೋಳು ಚಪ್ಪೆ. ಅತ್ತೆ ‘ನಮ್ಮ ಕಡೆ...’ ಎಂದು ಶುರು ಮಾಡಿದ್ದರು, ನಾನು ಬೆಲ್ಲ ಹಾಕಿದೆ.

ಸುಗ್ಗಿ ಕಳೆದರೆ ಕ್ರಿಸ್‌ಮಸ್ ನಾಟಕದ ಪ್ರಕಟಣೆ. ಆಗಮನ ಕಾಲದ ಮೊದಲ ಭಾನುವಾರ ನವೆಂಬರ್ ಕೊನೆಗೋ ಡಿಸೆಂಬರ್ ಮೊದಲಿಗೋ ಬೀಳುತ್ತದೆ. ಕಾರ್ತಿಕದ ಕೊನೇ ಸೋಮವಾರದ ಬಸವನಗುಡಿ ಕಡಲೆಕಾಯಿ ಪರಿಷೆಯೂ ಅದೇ ಆಸುಪಾಸಿಗೆ. ಸಂಡೆ ಸ್ಕೂಲಿನ ಟೀಚರ್ ಎಷ್ಟೇ ಕೂಗಿ ಹೇಳಿದರೂ ಪರಿಷೆಯ ಮುಂಚಿನ ಭಾನುವಾರ ರಿಹರ್ಸಲ್ಲಿಗೆ ಕುರುಬರು ಬರುವುದಿಲ್ಲ. ಬುಲ್ ಟೆಂಪಲ್ ರಸ್ತೆಯಲ್ಲಿ ಪೀಪಿ ಊದುತ್ತಿರುತ್ತಾರೆ. ಬಂದ ಮೇಲೂ ಜೇಬಿನ ತುಂಬ ಹಸಿ ಕಡಲೆಕಾಯಿ. ಗಬ್ರಿಯೇಲ ದೂತ ಶುಭವಾರ್ತೆ ಹೇಳಬೇಕಾದಾಗ ಬಾಯಲ್ಲಿ ಬೀಜ. ಗೋದಲಿ ಗುಡಿಸಿದಾಗ ಹುಲ್ಲಿಗಿಂತ ಸಿಪ್ಪೆಯೇ ಹೆಚ್ಚು. ಮೂಡಣದ ಜ್ಞಾನಿಗಳು ನಮ್ಮಲ್ಲಿ ಮೊದಲಿಂದಲೂ ಮೈಸೂರು ಪೇಟ ಕಟ್ಟುತ್ತಾರೆ. ಬಾಡಿಗೆಗೆ ಸಿಗುವುದು ಅದೇ.

ಆಮೇಲೆ ಕ್ಯಾರಲ್. ಹಿಂದೆ ಯೌವನಸ್ಥರ ಸಂಘದವರು ಲಾಟೀನು ಹಿಡಿದು ನಡೆದೇ ಒಂದು ರಾತ್ರಿಗೆ ಎಲ್ಲ ಮನೆ ಮುಗಿಸುತ್ತಿದ್ದರು. ಈಗ ಹಳೇ ಮನೆಗಳು ಅಪಾರ್ಟ್‌ಮೆಂಟಾಗಿ, ಮಕ್ಕಳು ಕೆಂಗೇರಿ, ವೈಟ್‌ಫೀಲ್ಡು ಸೇರಿದ್ದಾರೆ. ಹತ್ತಿರದಲ್ಲೇ ಬೇರೆ ಸಿಎಸ್‌ಐ ಸಭೆಯಿದ್ದರೂ ಅಲ್ಲಿಗೆ ಹೋಗುವುದಿಲ್ಲ. ಭಾನುವಾರ ಮೆಟ್ರೊ ಹತ್ತಿ ಇಲ್ಲಿಗೇ ಬರುತ್ತಾರೆ. ಅಲ್ಲಿಯ ಪ್ರಕಟಣೆಯಲ್ಲಿ ಬರುವ ಹೆಸರುಗಳು ಇವರಿಗೆ ಯಾರೆಂದೇ ಗೊತ್ತಿಲ್ಲ, ಇನ್ನು ಕೇಳಿ ಮಾಡುವುದೇನು? ಹೀಗಾಗಿ ಕ್ಯಾರಲ್ ಈಗ ಟೆಂಪೊ ಟ್ರಾವೆಲರಿನಲ್ಲಿ ನಾಲ್ಕು ರಾತ್ರಿ. ರೂಟು ಹಾಕಲು ಮೂರು ಮೀಟಿಂಗು. ರಾತ್ರಿ ಎರಡು ಗಂಟೆಗೆ ಬರುವ ಮನೆ ಯಾರದಾಗಬೇಕು ಎಂಬುದರ ಮೇಲೆ ಕಮಿಟಿ ಒಡೆದು ಹೋಗುವ ಹಾಗಾಗುತ್ತದೆ.

ಪಟ್ಟಿಯಲ್ಲಿ ಈಗ ನಮ್ಮ ಎದುರು ಮನೆಯೂ ಸೇರಿದೆ. ಆ ಮನೆಯ ಮೇಷ್ಟ್ರು ರಾಮನವಮಿಗೆ ಫೋರ್ಟ್ ಹೈಸ್ಕೂಲಿನ ಮೈದಾನದಲ್ಲಿ ಕಛೇರಿ ಕೇಳುವವರು. ನಮ್ಮ ಹುಡುಗರ ಗಿಟಾರಿನ ಶ್ರುತಿ ಬಗ್ಗೆ ಅವರಿಗೆ ಒಳ್ಳೆಯ ಅಭಿಪ್ರಾಯವಿಲ್ಲ. ಹೋದ ವರ್ಷ ನಮ್ಮ ಜಗಲಿಯಲ್ಲಿ ಹಾಡು ಮುಗಿಯುತ್ತಲೇ ಸ್ವೆಟರು, ಮಫ್ಲರ್ ಸಮೇತ ಬಂದು, ಬಿಎಂಶ್ರೀಯವರು ನ್ಯೂಮನ್ನನಿಂದ ಕನ್ನಡಕ್ಕೆ ತಂದ ಪ್ರಾರ್ಥನೆ ಹಾಡಿ ಅಂದರು. 1833ರಲ್ಲಿ, ಸಿಸಿಲಿಯಲ್ಲಿ ಜ್ವರ ಬಿದ್ದು ಎದ್ದು ಊರಿಗೆ ಮರಳುವಾಗ ನ್ಯೂಮನ್ ಬರೆದದ್ದು. ಆಗ ಆತ ಆಂಗ್ಲಿಕನ್ ಪಾದ್ರಿ, ಕೆಥೋಲಿಕನಾದದ್ದು ಆಮೇಲೆ. ಅಂದರೆ ಹಾಡು ನಮ್ಮವರದೇ. ನಮ್ಮ ಹುಡುಗರಿಗೆ ಬರುವುದು ಮೊದಲ ಎರಡು ಸಾಲು, ಉಳಿದದ್ದಕ್ಕೆ ಫೋನ್ ತಡಕಿದರು. ಮೇಷ್ಟ್ರು ಕಾಯಲಿಲ್ಲ, ಮಫ್ಲರ್ ಸಡಿಲಿಸಿ ಪೂರ್ತಿ ತಾವೇ ಹಾಡಿದರು. ಗಿಟಾರಿನವನಿಗೆ ಕಣ್ಣಲ್ಲೇ ಸುಮ್ಮನಿರಲು ಹೇಳಿದರು. ನಮ್ಮ ಯಜಮಾನರು ಮಾತ್ರ ‘ನೋಡಿ ಮೇಷ್ಟ್ರೇ, ಉತ್ತಂಗಿ ಚನ್ನಪ್ಪನವರು...’ ಎಂದು ಬಾಯಿ ತೆರೆದರು. ನಾನು ಕೇಕಿನ ತಟ್ಟೆ ಕೈಗಿಟ್ಟೆ.

ಈ ಸಲ ಎರಡನೇ ರಾತ್ರಿಯ ಪಟ್ಟಿಯಲ್ಲಿ ಮೇಷ್ಟ್ರ ಮನೆ ಏಳನೆಯದು. ಕಳೆದ ಭಾನುವಾರ ಕಾರ್ಯದರ್ಶಿಗಳು ಓದಿದ ಪ್ರಕಟಣೆ ಹೀಗಿತ್ತು: ಅವರಲ್ಲಿ ಕೋಡುಬಳೆ, ಕಾಫಿ ಇರುತ್ತದೆ. ಹನ್ನೊಂದು ಗಂಟೆಯೊಳಗೆ ಬರತಕ್ಕದ್ದು. ಗಿಟಾರನ್ನು ವ್ಯಾನಿನಲ್ಲೇ ಬಿಟ್ಟು ಬರತಕ್ಕದ್ದು.